ಕಾಯುವ ರಾಗಿ, ಕಾಯದ ಗೂಡು: ರಾಮನಗರ ಸೀಮೆಯ ಆರ್ಥಿಕ ಮತ್ತು ಸಾಮಾಜಿಕ ಚರಿತ್ರೆಯ ಒಂದು ಅವಲೋಕನ

ಪೀಠಿಕೆ

ದೇವಶಾಸ್ತ್ರದ ವ್ಯಾಸಂಗದಲ್ಲಿ ‘ಸಂದರ್ಭ’ ಎಂಬ ಪದವನ್ನು ನಾವು ಮೇಲಿಂದ ಮೇಲೆ ಬಳಸುತ್ತೇವೆ. ಆದರೆ ಸಂದರ್ಭವನ್ನು ಅರಿಯುವ ಶಿಸ್ತನ್ನು ಅಷ್ಟೇ ಶ್ರದ್ಧೆಯಿಂದ ರೂಢಿಸಿಕೊಂಡಿದ್ದೇವೆಯೇ ಎಂಬುದು ಪ್ರತ್ಯೇಕ ಪ್ರಶ್ನೆ. ಆಫ್ರಿಕದ ಒಂದು ಅಭಿವೃದ್ಧಿಶೀಲ ದೇಶವನ್ನು ಪರಿಚಯಿಸುವವರು ಜನಸಂಖ್ಯೆ, ಸಾಕ್ಷರತೆ, ಮುಖ್ಯ ಬೆಳೆ, ರಫ್ತು, ಸಾಲ, ವಲಸೆ ಎಂಬ ಶೀರ್ಷಿಕೆಗಳ ಕೆಳಗೆ ಅಂಕಿಗಳನ್ನು ಜೋಡಿಸುವುದು ವಾಡಿಕೆ. ಅದೇ ಕ್ರಮವನ್ನು ನಮ್ಮ ಮಗ್ಗುಲಲ್ಲೇ ಇರುವ ಒಂದು ಸೀಮೆಗೆ ಅನ್ವಯಿಸಿ, ಆ ಅಂಕಿಗಳ ಹಿಂದಿರುವ ಚರಿತ್ರೆಯನ್ನು ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳೇ ಆ ಸೀಮೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಈ ತಾಲ್ಲೂಕುಗಳು ರಾಮನಗರ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು.

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 10.8 ಲಕ್ಷ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಹಳ್ಳಿಗರು. ಸಾಕ್ಷರತೆ ಶೇಕಡ 69ರಷ್ಟಿತ್ತು, ರಾಜ್ಯದ ಸರಾಸರಿ ಶೇಕಡ 75ನ್ನು ದಾಟಿತ್ತು. ಇವೆಲ್ಲಕ್ಕಿಂತ ಹೆಚ್ಚು ಮಾತನಾಡುವ ಅಂಕಿ ಇನ್ನೊಂದು. 2001ರಿಂದ 2011ರವರೆಗಿನ ದಶಕದಲ್ಲಿ ಕರ್ನಾಟಕದ ಜನಸಂಖ್ಯೆ ಶೇಕಡ 15ಕ್ಕಿಂತ ಹೆಚ್ಚು ಬೆಳೆದರೆ, ಈ ಜಿಲ್ಲೆಯದು ಬೆಳೆದದ್ದು ಶೇಕಡ 5ರಷ್ಟು ಮಾತ್ರ. ಅದೇ ಅವಧಿಯಲ್ಲಿ ಪಕ್ಕದ ಬೆಂಗಳೂರು ನಗರ ಜಿಲ್ಲೆ ಶೇಕಡ 47ರಷ್ಟು ಹಿಗ್ಗಿತು. ಇಲ್ಲಿ ಹುಟ್ಟಿದವರು ಅಲ್ಲಿಗೆ ಹೋಗುತ್ತಿದ್ದಾರೆ ಎಂಬುದನ್ನು ಊಹಿಸಲು ಪಾಂಡಿತ್ಯ ಬೇಕಿಲ್ಲ. ಏಕೆ ಹೋಗುತ್ತಿದ್ದಾರೆ ಎಂಬುದನ್ನು ತಿಳಿಯಲು ಮಾತ್ರ ಚರಿತ್ರೆ ಬೇಕು.

ಕಾಯುವ ಬೆಳೆ

ಈ ಸೀಮೆಯ ನೆಲ ಬಂಡೆಯ ನೆಲ. ಸಾವನದುರ್ಗ, ರಾಮದೇವರ ಬೆಟ್ಟ ಮೊದಲಾದ ಬೋಳು ಗುಡ್ಡಗಳ ಕಲ್ಲು ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯದು. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ ಕ್ಲೋಸ್‌ಪೇಟೆಯೇ ಇಂದಿನ ರಾಮನಗರ. ಬಂಡೆಗಳ ನಡುವಿನ ತೆಳುವಾದ ಕೆಂಪು ಮಣ್ಣು, ನಂಬಲಾಗದ ಮಳೆ, ಅರ್ಕಾವತಿ, ಕಣ್ವ, ಶಿಂಷಾ ಎಂಬ ಸಣ್ಣ ನದಿಗಳು: ಇಷ್ಟನ್ನೇ ನೆಚ್ಚಿ ಬಾಳಿದ ಜನರ ಮುಖ್ಯ ಆಹಾರ ರಾಗಿ.

ರಾಗಿ ಈ ನೆಲಕ್ಕೆ ಆಫ್ರಿಕದಿಂದ ಬಂದ ಧಾನ್ಯ. ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ ಮೊದಲು ಕೃಷಿಗೆ ಒಗ್ಗಿ, ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು, ಇಂದು ‘ನಮ್ಮ ಊಟ’ ಎನ್ನಿಸಿಕೊಂಡಿದೆ. ಅದಕ್ಕೆ ಒಂದು ಅಪೂರ್ವ ಗುಣವುಂಟು. ಅದಕ್ಕೆ ಹುಳು ಹಿಡಿಯುವುದು ಕಡಿಮೆ. ಹಗೇವು ತೋಡಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷಕ್ಕೆ ದಾಟಿಸುವ ಈ ಗುಣದಿಂದಾಗಿ ರಾಗಿ ಕೇವಲ ಆಹಾರವಾಗಿರದೆ ರೈತನ ಉಳಿತಾಯವೂ ಆಗಿತ್ತು. ಹಗೇವಿನಲ್ಲಿ ರಾಗಿಯಿದ್ದವನು ವ್ಯಾಪಾರಿಯ ಮುಂದೆ ಅವಸರಪಡಬೇಕಿರಲಿಲ್ಲ. ಕನ್ನಡದ ‘ಕಾಯುವುದು’ ಎಂಬ ಮಾತಿಗೆ ನಿರೀಕ್ಷಿಸುವುದು ಮತ್ತು ರಕ್ಷಿಸುವುದು ಎಂಬ ಎರಡರ್ಥಗಳಿವೆ. ರಾಗಿ ಎರಡೂ ಅರ್ಥದಲ್ಲಿ ಕಾಯುವ ಬೆಳೆ.

ಹೀಗೆಂದು ಹಳೆಯ ಕಾಲ ಸುಭಿಕ್ಷವಾಗಿತ್ತೆಂದು ತಿಳಿಯಬಾರದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಗಾಜಿನ ಕೆಲಸವನ್ನೂ ಸಂಗೀತ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನೂ ಸಕ್ಕರೆಯನ್ನೂ ವಿವರಿಸಿದ್ದಾನೆ. ಆ ತಂತಿ ದೂರದ ನಾಡುಗಳಿಗೂ ಹೋಗುತ್ತಿತ್ತು. ಕೈಕೆಲಸದಲ್ಲಿ ಇಂಥ ನೈಪುಣ್ಯವಿದ್ದ ಸೀಮೆಯೇ ಯುದ್ಧಗಳ ಹಾದಿಯೂ ಆಗಿತ್ತು. ಕೆಂಪೇಗೌಡರ ವಂಶದವರು ಆಳಿದ ಮಾಗಡಿ 1728ರಲ್ಲಿ ಮೈಸೂರಿನ ವಶವಾಯಿತು. 1791ರ ಡಿಸೆಂಬರ್‌ನಲ್ಲಿ ಸಾವನದುರ್ಗ ಕಾರ್ನ್‌ವಾಲಿಸನ ಸೇನೆಗೆ ಬಿತ್ತು. ದಂಡು ಹಾದುಹೋದ ಕಡೆ ಹಗೇವು ಉಳಿಯುವುದಿಲ್ಲ.

ಹಗೇವು ಬರಿದಾದಾಗ

ಕಾಯುವ ಶಕ್ತಿಗೂ ಒಂದು ಮಿತಿಯಿದೆ ಎಂಬುದನ್ನು 1876ರಿಂದ 1878ರವರೆಗಿನ ಮಹಾಕ್ಷಾಮ ತೋರಿಸಿತು. ಮಳೆ ಒಂದು ವರ್ಷವಲ್ಲ, ಮೇಲಿಂದ ಮೇಲೆ ತಪ್ಪಿತು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಧಾನ್ಯ ಮುಗಿದ ಮೇಲೆ ದನ, ದನ ಮುಗಿದ ಮೇಲೆ ಪಾತ್ರೆ, ಪಾತ್ರೆ ಮುಗಿದ ಮೇಲೆ ಹೊಲ: ಕ್ಷಾಮದಲ್ಲಿ ಬಡವನು ಒಂದೊಂದಾಗಿ ಕೈಬಿಡುವ ಕ್ರಮ ಇದು. ಯೋಸೇಫನ ಕಾಲದ ಐಗುಪ್ತದ ಜನರು ಬೆಳ್ಳಿಯನ್ನೂ ದನಗಳನ್ನೂ ಹೊಲಗಳನ್ನೂ ಕೊನೆಗೆ ತಮ್ಮನ್ನೂ ಫರೋಹನಿಗೆ ಒಪ್ಪಿಸಿದ ಕ್ರಮವೂ ಇದೇ ಎಂಬುದನ್ನು ಆದಿಕಾಂಡ 47ನೆಯ ಅಧ್ಯಾಯವನ್ನು ಓದುವವರು ಗಮನಿಸದಿರಲಾರರು. ಕಣಜ ಯಾರ ಕೈಯಲ್ಲಿದೆ ಎಂಬುದು ಕಣಜದಷ್ಟೇ ಮುಖ್ಯ.

ಕ್ಷಾಮದ ಹಿನ್ನೆಲೆಯಲ್ಲಿ ಪರಿಹಾರ ಕಾಮಗಾರಿಯಾಗಿ ಆರಂಭವಾದ ಬೆಂಗಳೂರು–ಮೈಸೂರು ರೈಲುಮಾರ್ಗ 1880ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಅದು ರಾಮನಗರ, ಚನ್ನಪಟ್ಟಣಗಳ ಮೂಲಕ ಹಾದುಹೋಯಿತು. ಕನಕಪುರ, ಮಾಗಡಿ ಪಟ್ಟಣಗಳು ಇಂದಿಗೂ ರೈಲು ಕಂಡಿಲ್ಲ. ಒಂದೇ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ಎರಡು ಮಾರುಕಟ್ಟೆಯ ಹಾದಿಗೆ ಬಿದ್ದವು, ಎರಡು ಬದಿಗುಳಿದವು. ಮುಂದಿನ ಆರ್ಥಿಕ ಚರಿತ್ರೆಯ ಎಷ್ಟೋ ವ್ಯತ್ಯಾಸಗಳಿಗೆ ಈ ಹಳಿಯೇ ಗಡಿ.

ಕಾಯದ ಬೆಳೆ

ಟಿಪ್ಪು ಸುಲ್ತಾನನು 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಣೆಗೆ ಆರಂಭ ಹಾಕಿದನು. ಅದಕ್ಕೆ ಹೊಸ ಜೀವ ಬಂದದ್ದು ಇನ್ನೂ ನೂರು ವರ್ಷಗಳ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೆಡ್‌ಜಿ ಟಾಟಾ ಅವರು ಜಪಾನಿ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟ ನಡೆಸಿದರು. 1910ರ ಸುಮಾರಿಗೆ ಅದರ ನಿರ್ವಹಣೆಯನ್ನು ಸಾಲ್ವೇಷನ್ ಆರ್ಮಿ ವಹಿಸಿಕೊಂಡಿತು. ಬಡವರಿಗೆ ಉದ್ಯೋಗ ಕಲಿಸುವುದು ಸುವಾರ್ತಾಸೇವೆಯ ಭಾಗವೆಂದು ನಂಬಿದ ಒಂದು ಕ್ರೈಸ್ತ ಸಂಸ್ಥೆ ಹೀಗೆ ಮೈಸೂರು ರೇಷ್ಮೆಯ ಚರಿತ್ರೆಯೊಳಗೆ ಪ್ರವೇಶಿಸಿತು. ಅದೇ ದಶಕದಲ್ಲಿ ಸಂಸ್ಥಾನವು ಇಟಲಿಯ ತಜ್ಞರನ್ನು ಕರೆಸಿ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ತೋಟವನ್ನು ಸ್ಥಾಪಿಸಿತು. ಮುಂದೆ ಅಲ್ಲಿಯೇ ಸ್ಪನ್ ಸಿಲ್ಕ್ ಗಿರಣಿಯೂ ತಲೆಯೆತ್ತಿತು. ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಮಾಗಡಿ, ಕುಣಿಗಲ್ ಕಡೆಯ ಹಳ್ಳಿಗಳು ಹೆಸರಾದವು. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ರೇಷ್ಮೆ ಯೋಜನೆ ಕರ್ನಾಟಕಕ್ಕೆ ಬಂದಿತು. ಕೊಳವೆಬಾವಿಗಳೊಡನೆ ಹಿಪ್ಪುನೇರಳೆ ಹರಡಿತು.

ರೇಷ್ಮೆಯ ಉಪಕಾರವನ್ನು ಕಡೆಗಣಿಸಲಾಗದು. ಒಂದೆರಡು ಎಕರೆಯ ಸಂಸಾರಕ್ಕೆ ವರ್ಷಕ್ಕೊಮ್ಮೆಯ ಬದಲು ಹಲವು ಬಾರಿ ನಗದು ಕಾಣಿಸಿದ್ದು ಈ ಹುಳು. ಮಕ್ಕಳ ಶುಲ್ಕ, ಮದುವೆ, ಮನೆಯ ಹೆಂಚು ಎಲ್ಲಕ್ಕೂ ಗೂಡಿನ ಹಣವೇ ಆಧಾರ. ಆದರೆ ಬೆಳೆಯ ಸ್ವಭಾವ ರಾಗಿಗೆ ತೀರ ವಿರುದ್ಧವಾದದ್ದು. ಸುಮಾರು ನಾಲ್ಕು ವಾರ ಹಗಲಿರುಳೆನ್ನದೆ ಸೊಪ್ಪು ಹಾಕಬೇಕು. ನಾಲ್ಕು ಜ್ವರ ದಾಟಿಸಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡಬೇಕು. ಈ ದುಡಿಮೆಯ ಬಹುಪಾಲು ಹೆಂಗಸರದು, ಪಹಣಿಯ ಹೆಸರು ಸಾಮಾನ್ಯವಾಗಿ ಗಂಡಸಿನದು. ಗೂಡು ಕಟ್ಟಿದ ಮೇಲೆ ಕೆಲವೇ ದಿನಗಳ ಅವಕಾಶ. ಅಷ್ಟರಲ್ಲಿ ಮಾರದಿದ್ದರೆ ಚಿಟ್ಟೆ ಗೂಡನ್ನು ಭೇದಿಸಿ ಹೊರಬರುತ್ತದೆ, ಎಳೆ ತುಂಡಾಗುತ್ತದೆ, ನಾಲ್ಕು ವಾರದ ದುಡಿಮೆ ಕಸವಾಗುತ್ತದೆ. ರಾಗಿಯ ರೈತ ಬೆಲೆಗಾಗಿ ಕಾಯಬಲ್ಲ, ಗೂಡಿನ ರೈತ ಕಾಯಲಾರ. ಕಾಯಲಾರದವನು ಬೆಲೆ ಹೇಳಲಾರ.

ಈ ಅಸಹಾಯಕತೆಯನ್ನು ತಗ್ಗಿಸಲೆಂದೇ 1959ರ ಕಾಯಿದೆ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ತಂದಿತು. ಏಷ್ಯದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆಯಲ್ಲಿ ತೂಕ, ಹರಾಜು, ಪಾವತಿ ಎಲ್ಲವೂ ಅಧಿಕಾರಿಗಳ ಕಣ್ಣೆದುರು ನಡೆಯುತ್ತವೆ. ಮಾರುವವರಲ್ಲಿ ಹೆಚ್ಚಿನವರು ಹಳ್ಳಿಯ ಹಿಂದೂ ರೈತರು. ಕೊಳ್ಳುವ ರೀಲರುಗಳಲ್ಲಿ ಹೆಚ್ಚಿನವರು ರಾಮನಗರ, ಚನ್ನಪಟ್ಟಣಗಳ ಮುಸಲ್ಮಾನರು. ಒಬ್ಬರಿಲ್ಲದೆ ಇನ್ನೊಬ್ಬರಿಲ್ಲ ಎಂಬ ಈ ನಿತ್ಯದ ಸಂಬಂಧ ಎಷ್ಟೋ ಶಾಂತಿಸಭೆಗಳಿಗಿಂತ ಹೆಚ್ಚಿನ ಕೆಲಸವನ್ನು ಸದ್ದಿಲ್ಲದೆ ಮಾಡಿದೆ. ಆದರೆ ಹರಾಜುಕಟ್ಟೆಯ ಮೇಲೂ ಒಂದು ಕಾಣದ ಕೈ ಇದೆ. 2011–12ರ ಕೇಂದ್ರ ಮುಂಗಡಪತ್ರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ಚೀನಾದ ಅಗ್ಗದ ನೂಲಿನ ಮುಂದೆ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ಸುಂಕವನ್ನು ಶೇಕಡ 15ಕ್ಕೆ ಏರಿಸಲು 2013 ಬರಬೇಕಾಯಿತು. ದೆಹಲಿಯ ಆದೇಶ ಎರಡು ವರ್ಷ ಕಾಯಬಲ್ಲುದು. ಗೂಡು ಎರಡು ವಾರವೂ ಕಾಯುವುದಿಲ್ಲ.

ಘಾನಾದ ಕೋಕೋ: ಒಂದು ಹೋಲಿಕೆ

ಇದು ನಮ್ಮ ಸೀಮೆಯೊಂದರದೇ ಪಾಡಲ್ಲ. ಮಂಗಳೂರಿನಲ್ಲಿ ನೇಯ್ಗೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ನಡೆಸಿದ ಬಾಸೆಲ್ ಮಿಷನ್ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿಯೂ, ಎಂದರೆ ಇಂದಿನ ಘಾನಾದಲ್ಲಿಯೂ, ಸೇವೆಯಲ್ಲಿತ್ತು. ಅಲ್ಲಿ ಅದು ಕೋಕೋ ಬೆಳೆಯುವ ಪ್ರಯೋಗ ಮಾಡಿತು. ಆ ಮಿಷನ್ನಿನ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ಟೆಟ್ಟೆ ಕ್ವಾಶಿ ಎಂಬ ಆಫ್ರಿಕನನು 1879ರಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಬೀಜ ತಂದು ಬೆಳೆದನು. 1911ರ ಹೊತ್ತಿಗೆ ಆ ನಾಡು ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ನಾಡಾಯಿತು. ಬೆಳೆದವರು ಸಣ್ಣ ಹಿಡುವಳಿಯ ರೈತರು. ಬೆಲೆ ಕಟ್ಟಿದ್ದು ದೂರದ ಪೇಟೆಗಳು. 1957ರಲ್ಲಿ ಸ್ವಾತಂತ್ರ್ಯ ಬಂದರೂ ಈ ಸ್ಥಿತಿ ಬದಲಾಗಲಿಲ್ಲ. 1965ರಲ್ಲಿ ಕೋಕೋ ಬೆಲೆ ಕುಸಿದಾಗ ಇಡೀ ದೇಶದ ಬೊಕ್ಕಸವೇ ಅಲುಗಾಡಿತು. ರೇಷ್ಮೆಗೂ ಕೋಕೋಗೂ ಬೆಳೆಯಾಗಿ ಸಾಮ್ಯವಿಲ್ಲ. ಆದರೆ ಬೆವರು ಇಲ್ಲಿ, ಬೆಲೆ ಅಲ್ಲಿ ಎಂಬ ವ್ಯವಸ್ಥೆಯಲ್ಲಿ ಸಾಮ್ಯವಿದೆ. ‘ಅಭಿವೃದ್ಧಿಶೀಲ’ ಎಂಬ ಪದ ಬಡತನದ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಈ ವ್ಯವಸ್ಥೆಯನ್ನು ಹೇಳುವುದಿಲ್ಲ.

ಮುಂಗಡ

ಗೂಡಿನ ರೈತನಿಗಿಂತ ಕೆಳಗೆ ಇನ್ನೊಂದು ಮೆಟ್ಟಿಲಿದೆ. ನೂಲು ಬಿಚ್ಚುವ ಹಾಗೂ ಹುರಿ ಮಾಡುವ ಘಟಕಗಳ ಕೆಲಸಗಾರರದು ಅದು. ಕುದಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹಿಡಿಯಬೇಕು. ಕಣ್ಣಿಗಿಂತ ಬೆರಳಿಗೆ ಅದು ಬೇಗ ಸಿಗುತ್ತದೆ. ಬೆರಳು ಸಣ್ಣದಿದ್ದರೆ ಒಳ್ಳೆಯದೆಂಬ ಮಾತು ಅಲ್ಲಿ ಮಕ್ಕಳನ್ನು ಕೂರಿಸಲು ಬಹುಕಾಲ ನೆಪವಾಯಿತು. ಮನೆಯಲ್ಲಿ ಕಾಯಿಲೆ, ಮದುವೆ ಅಥವಾ ಸಾವು ಬಂದಾಗ ತಂದೆತಾಯಿಯರು ಯಜಮಾನರಿಂದ ಮುಂಗಡ ಪಡೆಯುತ್ತಿದ್ದರು. ಅದು ತೀರುವವರೆಗೆ ಮಗು ಕೆಲಸ ಬಿಡುವಂತಿರಲಿಲ್ಲ. ಕೂಲಿ ಕಡಿಮೆಯಾದ್ದರಿಂದ ಮುಂಗಡ ತೀರುತ್ತಲೂ ಇರಲಿಲ್ಲ. ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳನ್ನು ಕುರಿತು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿ ಕರ್ನಾಟಕದ ರೇಷ್ಮೆ ಘಟಕಗಳನ್ನೂ ಪರಿಶೀಲಿಸಿತು. 1976ರ ಜೀತಪದ್ಧತಿ ರದ್ದತಿ ಕಾಯಿದೆ, 1986ರ ಬಾಲಕಾರ್ಮಿಕ ಕಾಯಿದೆ ಎರಡೂ ಜಾರಿಯಲ್ಲಿದ್ದ ಕಾಲ ಅದು.

ಇಲ್ಲಿ ಯಜಮಾನನೊಬ್ಬನ ಕ್ರೌರ್ಯವನ್ನಷ್ಟೇ ಕಂಡರೆ ಚರಿತ್ರೆ ಅರ್ಥವಾಗದು. ಸಣ್ಣ ರೀಲರನೂ ಸಾಲಗಾರನೇ. ಗೂಡಿಗೆ ಅಂದೇ ಹಣ ಕೊಡಬೇಕು, ನೂಲಿನ ಹಣ ಮಾತ್ರ ತಡವಾಗಿ ಬರುತ್ತದೆ. ಮೇಲಿನವನು ಕೆಳಗಿನವನ ಮೇಲೆ ಹೊರಿಸುತ್ತ ಬಂದ ಅವಸರದ ಭಾರ ಕಡೆಗೆ ಯಾರ ಮೇಲೂ ಹೊರಿಸಲಾಗದ ಮಗುವಿನ ಬೆರಳ ಮೇಲೆ ನಿಂತಿತು.

ನೀರು, ನೆಲ, ನಗರ

ಬೆಂಗಳೂರು ಈ ಸೀಮೆಯ ಮಗ್ಗುಲಲ್ಲಿರುವುದು ವರವೂ ಹೌದು, ಹೊರೆಯೂ ಹೌದು. 1930ರ ದಶಕದಲ್ಲಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಕಟ್ಟಿದ ಜಲಾಶಯ ನಗರಕ್ಕೆ ಕುಡಿಯುವ ನೀರು ಕೊಟ್ಟಿತು. ನಗರ ಹಿಂದಿರುಗಿಸಿದ್ದು ವೃಷಭಾವತಿಯ ಕೊಳಚೆಯನ್ನು. ಅದು ಬಿಡದಿ ಬಳಿಯ ಬೈರಮಂಗಲ ಕೆರೆಗೆ ತುಂಬಿ, ಅರ್ಕಾವತಿಗೆ ಸೇರಿ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ.

ನೆಲದ ಕಥೆಯೂ ಹೀಗೆಯೇ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಸುತ್ತ ಬಿಡದಿ ಕೈಗಾರಿಕಾ ಪಟ್ಟಣವಾಯಿತು. ಕನಕಪುರ ರಸ್ತೆಯ ಹಾರೋಹಳ್ಳಿ ಅದನ್ನು ಅನುಸರಿಸಿತು. ಉದ್ಯೋಗ ಬಂದಿತು, ನೆಲದ ಬೆಲೆ ಏರಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಸಾಲವಿಲ್ಲದ ರೈತ ಒಳ್ಳೆಯ ಬೆಲೆಗಾಗಿ ಕಾಯುತ್ತಾನೆ, ಸಾಲವಿರುವವನು ಮೊದಲು ಬಂದವನಿಗೆ ಕೊಡುತ್ತಾನೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಪಟ್ಟಣಗಳನ್ನು ಬಳಸಿ ಸಾಗಿತು. ಹಳೆಯ ಹೆದ್ದಾರಿಯ ಬದಿಯಲ್ಲಿ ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಮಾರುತ್ತಿದ್ದವರ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ವಾಹನಗಳು ಈಗ ದೂರದಲ್ಲಿ ಹಾದುಹೋಗುತ್ತವೆ. ಆ ಬೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಮಾನ್ಯತೆ ಗಿರಾಕಿಯನ್ನು ನಿಲ್ಲಿಸಲಾರದು. ಇವೆಲ್ಲದರ ಲೆಕ್ಕದಿಂದ ಹೊರಗೆ, ಗುಡ್ಡಗಳ ಅಂಚಿನಲ್ಲಿ, ಇರುಳಿಗರ ಹಾಡಿಗಳು ಅರಣ್ಯ ಹಕ್ಕಿನ ಪತ್ರಕ್ಕಾಗಿ ಕಾಯುತ್ತಿವೆ.

ಸಭೆಯ ಪಾಲು

ಈ ಚರಿತ್ರೆಯಲ್ಲಿ ಸಭೆ ಎಲ್ಲಿದೆ? ಕನಕಪುರ ತಾಲ್ಲೂಕಿನ ಹಾರೋಬೆಲೆ ಯೇಸುಸಭೆಯ ಮೈಸೂರು ಮಿಷನ್ನಿನ ಕಾಲಕ್ಕೆ ತನ್ನ ಮೂಲವನ್ನು ಹೇಳಿಕೊಳ್ಳುವ ಕಥೋಲಿಕ ಗ್ರಾಮ. ಅಲ್ಲಿಂದ ಅನೇಕ ಗುರುಗಳೂ ಕನ್ಯಾಸ್ತ್ರೀಯರೂ ನಾಡಿನ ನಾನಾ ಕಡೆಗೆ ಹೋಗಿದ್ದಾರೆ. ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಮಾತ್ರ ಎಂದೂ ದೊಡ್ಡದಲ್ಲ. ಮಂಗಳೂರಿನಂತೆ ಇಲ್ಲಿ ಮಿಷನ್ ಕಾರ್ಖಾನೆಗಳು ಬೆಳೆಯಲಿಲ್ಲ. ಹಾಗಾಗಿ ಸಭೆಯೇ ಯಜಮಾನನಾಗುವ ಪ್ರಸಂಗವೂ ಇಲ್ಲಿ ಹೆಚ್ಚಾಗಿ ಬರಲಿಲ್ಲ. ಇದನ್ನು ಕೊರತೆಯೆನ್ನದೆ ಸ್ವಾತಂತ್ರ್ಯವೆಂದು ತಿಳಿಯಬಹುದು.

ಕಲಿಯಬೇಕಾದುದನ್ನು ನೆರೆಯವರಿಂದಲೂ ಕಲಿಯಬಹುದು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮಿಗಳು ಹುಟ್ಟಿದ್ದು ಬಿಡದಿ ಬಳಿಯ ಬಾನಂದೂರಿನಲ್ಲಿ. ಸಿದ್ಧಗಂಗೆಯಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನ, ವಸತಿ, ಅಕ್ಷರ ಒಂದೇ ಸೂರಿನಡಿ ದೊರೆತವು. ಆರ್ಥಿಕ ಭಾಷೆಯಲ್ಲಿ ಹೇಳುವುದಾದರೆ, ದುಡಿಮೆಗೆ ಅವಸರಪಡದೆ ಹತ್ತು ವರ್ಷ ಕಲಿಯುವ ಶಕ್ತಿ ಒಂದು ಬಡ ಮಗುವಿಗೆ ದೊರೆಯಿತು. ಮುಂಗಡ ಮಗುವಿನಿಂದ ಕಿತ್ತುಕೊಂಡದ್ದು ಇದನ್ನೇ.

ಧರ್ಮಗ್ರಂಥದ ಬೆಳಕಿನಲ್ಲಿ

ನೆಹೆಮೀಯನ ಗ್ರಂಥದ 5ನೆಯ ಅಧ್ಯಾಯದಲ್ಲಿ ಜನರು ಕೂಗಿಕೊಳ್ಳುವುದು ಹೊರಗಿನ ಶತ್ರುವಿನ ವಿರುದ್ಧವಲ್ಲ, ಸಹೋದರರ ವಿರುದ್ಧ. ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟಿದ್ದಾರೆ. ಮಕ್ಕಳು ದಾಸತ್ವಕ್ಕೆ ಹೋಗಿದ್ದಾರೆ. ನೆಹೆಮೀಯನು ಪ್ರಾರ್ಥನಾಕೂಟವನ್ನು ಕರೆಯಲಿಲ್ಲ. ಶ್ರೀಮಂತರ ಎದುರು ಮಹಾಸಭೆಯನ್ನು ಸೇರಿಸಿ ಒತ್ತೆಯನ್ನು ಹಿಂದಿರುಗಿಸುವಂತೆ ಪ್ರಮಾಣ ಮಾಡಿಸಿದನು. ಧರ್ಮೋಪದೇಶಕಾಂಡ 24ನೆಯ ಅಧ್ಯಾಯವು ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದೆನ್ನುತ್ತದೆ, ಕೂಲಿಯವನ ಸಂಬಳವನ್ನು ಅಂದೇ ಹೊತ್ತು ಮುಳುಗುವುದರೊಳಗೆ ಕೊಡಬೇಕೆನ್ನುತ್ತದೆ. ಬಡವನನ್ನು ಕಾಯಿಸಬಾರದು, ಏಕೆಂದರೆ ಅವನು ಕಾಯಲಾರ. ಯಾಜಕಕಾಂಡ 25ನೆಯ ಅಧ್ಯಾಯದ ಜೂಬಿಲಿ ನಿಯಮವಾದರೋ ಅವಸರದಲ್ಲಿ ಮಾರಿದ ನೆಲವನ್ನು ಕಾಲಾಂತರದಲ್ಲಾದರೂ ಅದೇ ಮನೆಗೆ ಮರಳಿಸುತ್ತದೆ. ಈ ಮೂರೂ ಕಾಲಕ್ಕೆ ಸಂಬಂಧಿಸಿದ ಕಟ್ಟಳೆಗಳು. ದೇವರ ನ್ಯಾಯ ಹಣದ ಹಂಚಿಕೆಯನ್ನಷ್ಟೇ ಅಲ್ಲ, ಕಾಲದ ಹಂಚಿಕೆಯನ್ನೂ ವಿಚಾರಿಸುತ್ತದೆ.

ಪ್ರಕಟನೆ ಗ್ರಂಥದ 18ನೆಯ ಅಧ್ಯಾಯದಲ್ಲಿ ಬಾಬೆಲಿನ ವರ್ತಕರ ಸರಕುಗಳ ಪಟ್ಟಿಯೊಂದಿದೆ. ಅದರಲ್ಲಿ ರೇಷ್ಮೆಯ ಹೆಸರಿದೆ. ಪಟ್ಟಿ ಮುಗಿಯುವುದು ಮನುಷ್ಯರ ದೇಹ ಮತ್ತು ಪ್ರಾಣಗಳಲ್ಲಿ. ಯೋಹಾನನು ರೇಷ್ಮೆಯನ್ನು ಪಾಪವೆಂದು ಕರೆಯಲಿಲ್ಲ. ರೇಷ್ಮೆಯೂ ಪ್ರಾಣವೂ ಒಂದೇ ಪಟ್ಟಿಯಲ್ಲಿ ಮಾರಾಟಕ್ಕಿರುವ ಪೇಟೆಯನ್ನು ಅವನು ತೋರಿಸಿದನು. ಮದುವೆಯ ಆಶೀರ್ವಾದ ಹೇಳಲು ರೇಷ್ಮೆ ಸೀರೆಯ ವಧುವಿನ ಮುಂದೆ ನಿಲ್ಲುವ ಸಭಾಪಾಲಕನು ಆ ಪಟ್ಟಿಯನ್ನು ಅರಿತಿರಬೇಕು.

ಹಾಗಾದರೆ ಸಭೆಗೆ ಏನು ಸಾಧ್ಯ? ಗೂಡಿನ ಬೆಲೆಯನ್ನು ಅದು ನಿಗದಿಮಾಡಲಾರದು. ಆದರೆ ಕಾಯಿಲೆಗೋ ಸಾವಿಗೋ ಬೇಕಾದ ಸಣ್ಣ ಮೊತ್ತವನ್ನು ಬಡ್ಡಿಯಿಲ್ಲದೆ ಕೊಡುವ ಸಹಾಯನಿಧಿಯನ್ನು ಚಿಕ್ಕ ಸಭೆಯೂ ನಡೆಸಬಹುದು. ಮುಂಗಡ ಹುಟ್ಟುವುದು ಆ ಒಂದು ರಾತ್ರಿಯ ತುರ್ತಿನಲ್ಲಿಯೇ. ಶಾಲೆ ಬಿಟ್ಟ ಮಗುವಿನ ಮನೆಗೆ ಭೇಟಿ ಕೊಡಬಹುದು. ನೆಲ ಮಾರಲು ಹೊರಟವನಿಗೆ ಸಹಿ ಹಾಕುವ ಮೊದಲು ಪತ್ರವನ್ನು ಓದಿ ಹೇಳಬಹುದು. ತನ್ನಲ್ಲಿ ಕೆಲಸ ಮಾಡುವವರಿಗೆ ಸಕಾಲದಲ್ಲಿ ಸಂಬಳ ಕೊಡುವುದರಿಂದಲೇ ಇದನ್ನು ಆರಂಭಿಸಬಹುದು. ಯಾಕೋಬನ ಪತ್ರಿಕೆ ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟಿತೆಂದು ಎಚ್ಚರಿಸುವುದು ಸಭೆಯನ್ನು ಉದ್ದೇಶಿಸಿಯೇ. ಅದೇ ಅಧ್ಯಾಯದ ಮುಂದಿನ ವಚನಗಳಲ್ಲಿ ಅವನು ಮಳೆಗಾಗಿ ತಾಳ್ಮೆಯಿಂದ ಕಾಯುವ ರೈತನನ್ನು ಮಾದರಿಯಾಗಿ ನಿಲ್ಲಿಸುತ್ತಾನೆ. ತಾಳ್ಮೆಯನ್ನು ಬೋಧಿಸುವ ಮೊದಲು ಕೂಲಿಯನ್ನು ಕೇಳುವ ಈ ಕ್ರಮ ನಮ್ಮ ಬೋಧನೆಯ ಕ್ರಮವೂ ಆಗಬೇಕು. ಕಾಯುವವರನ್ನು ಕಾಯುವುದೇ ಕುರುಬನ ಕೆಲಸ.